ದೊಡ್ಡಕಟ್ಟಿ ಶಾಲೆಗೆ ನಡೆದ ವರ್ಷ

ನಮ್ಮ ಮೊಮ್ಮಗಳು ರೇಣುಕಾ ಪಾಸಾದಳು. ಹತ್ತನೇ ಇಯತ್ತೆ, ಅದೂ ಫಸ್ಟ್ ಕ್ಲಾಸಿನಲ್ಲಿ. ಅವಳ ಜೋಡಿ ಓದಿದ ಫಕ್ಕೀರಪ್ಪನ ಮಗಳು ಲಕ್ಷ್ಮಿಯೂ ಪಾಸು. ಹಿಂದಿನದೆಲ್ಲ ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಹೇಳಿಬಿಡಬೇಕು. ಬೆಳಗಿನಿಂದ ಈ ಮಾತು ನನ್ನ ಹೊಟ್ಟೆಯೊಳಗೆ ನಿಲ್ಲಲೊಲ್ಲದು.

ಫಲಿತಾಂಶ ಫೋನಿನಲ್ಲಿ ಬರುತ್ತದೆ ಅಂತ ಮಗ ಬಸವರಾಜ ಹಮಾಲಿ ಕೆಲಸಕ್ಕೂ ಹೋಗದೆ ಮನೆಯಲ್ಲೇ ಉಳಿದಿದ್ದ. ಒಳಗೆ ಸಿಗ್ನಲ್ ಸಿಗುವುದಿಲ್ಲ. ಫೋನ್ ಹಿಡಿದುಕೊಂಡು ಮಾಳಿಗೆ ಹತ್ತಿದ. ಅವನ ಹಿಂದೆ ರೇಣುಕಾ, ನಿಚ್ಚಣಿಕೆಯ ಅರ್ಧದಲ್ಲಿ ಸೊಸೆ ಮಂಜುಳಾ, ಬುಡದಲ್ಲಿ ನಾನು. ನಮ್ಮ ಮನೆಯವರು ಮಾತ್ರ ಕಟ್ಟೆಯ ಮೇಲೆ ಕೂತು, "ಇಷ್ಟು ಮಂದಿ ಹಿಂಗ ಮುತ್ತಿಗಿ ಹಾಕಿದ್ರ ಆ ಫೋನರ ಏನ್ ಹೇಳೀತು" ಅಂದರು. ಅಂದವರು ಎಲೆ ಅಡಿಕೆಗೆ ಸುಣ್ಣ ಹಚ್ಚಲು ಮರೆತು ಬರೀ ಎಲೆಯನ್ನೇ ಅಗಿಯುತ್ತಿದ್ದರು. ಮೇಲಿನಿಂದ ರೇಣುಕಾ ಕೂಗಲಿಲ್ಲ. ಸಾವಕಾಶ ಇಳಿದು ಬಂದು ನನ್ನ ಕಾಲು ಮುಟ್ಟಿದಳು. ಆಗಲೇ ನನಗೆ ತಿಳಿಯಿತು.

ಪೇಡೆ ತರಲು ನಾನೇ ಬ್ಯಾಡಗಿಗೆ ಹೋಗುತ್ತೇನೆ ಅಂದೆ. ಮೊಣಕಾಲು ನೋವು, ಬಿಸಿಲು ಅಂತ ಎಲ್ಲರೂ ಬೇಡ ಅಂದರು. ಕೇಳಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ ಯವ್ವಾ?" ಅಂತ ಕೇಳಿದ. ಆಧಾರ್ ಕಾರ್ಡ್ ಮುಂದೆ ಹಿಡಿದು, "ನಮ್ಮ ಮೊಮ್ಮಗಳು ಪಾಸಾದ್ಲು" ಅಂದೆ. ಅವನು ನಕ್ಕು, "ಆ ಊರಿಗೆ ಈ ಬಸ್ ಹೋಗಂಗಿಲ್ಲ, ಬ್ಯಾಡಗಿಗೆ ಕೊಡ್ಲ್ಯಾ?" ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಇವತ್ತು ಯಾರು ನಗಿಸಿದರೂ ನಗುತ್ತೇನೆ.

ಬ್ಯಾಡಗಿಯಲ್ಲಿ ಇಳಿದು ಮಾರ್ಕೆಟ್ ಕಡೆ ನಾಲ್ಕು ಹೆಜ್ಜೆ ಹಾಕಿದೆನೋ ಇಲ್ಲವೋ, ಆ ಘಾಟು ಮೂಗಿಗೆ ಬಡಿಯಿತು. ಚೀಲಗಟ್ಟಲೆ ಮೆಣಸಿನಕಾಯಿ ಬಿಸಿಲಿಗೆ ಬಿದ್ದಾಗ ಬರುವ ವಾಸನೆ ಅದು. ಅಲ್ಲೇ ಇದ್ದವರಿಗೆ ಗೊತ್ತಾಗುವುದಿಲ್ಲ. ನಾನು ತೊಟ್ಟು ಬಿಡಿಸುವ ಕೆಲಸ ಬಿಟ್ಟು ಎರಡು ವರ್ಷವಾಯಿತು, ಹೊಸಬಳ ಹಾಗೆ ಸೀನು ಬಂತು, ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದವಳು ಹಾಗೇ ನಿಂತೆ. ಅಂಗೈ ಉರಿದಂತಾಯಿತು. ಎರಡು ವರ್ಷದಿಂದ ಮೆಣಸಿನಕಾಯಿ ರಾಶಿಯ ಮುಂದೆ ಕೂತಿಲ್ಲದ ಕೈ, ಉರಿಯಲು ಏನು ಕಾರಣ? ನೆನಪು ಉರಿಯಿತು ಅಷ್ಟೇ. ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಆ ವರ್ಷ ಪೂರ್ತಿ ಕಣ್ಣ ಮುಂದೆ ಬಂತು.

ಏಳು ವರ್ಷದ ಹಿಂದಿನ ಮಾತು. ನಮ್ಮ ಸಣ್ಣಕಟ್ಟಿ ಸಣ್ಣ ಊರು. ಒಂದು ಹನುಮಪ್ಪನ ಗುಡಿ, ಒಂದು ನೀರಿನ ಟಾಕಿ, ಐದನೇ ಇಯತ್ತೆಯವರೆಗಿನ ಒಂದು ಕನ್ನಡ ಶಾಲೆ. ಶಾಲೆಯ ಮುಂದಿನ ಬೇವಿನ ಗಿಡಕ್ಕೆ ರೈಲು ಹಳಿಯ ಒಂದು ತುಂಡನ್ನು ತಂತಿಯಿಂದ ತೂಗುಹಾಕಿದ್ದರು. ಅದೇ ಗಂಟೆ. ಅದು ಬಡಿದಾಗ ಹುಡುಗರು ಒಳಗೆ ಹೋಗುತ್ತಿದ್ದವು, ನಾವು ಹೆಣ್ಣುಮಕ್ಕಳು ಬುತ್ತಿ ಹಿಡಿದು ಟೆಂಪೊ ಹತ್ತುತ್ತಿದ್ದೆವು. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಿಗೆ ತೊಟ್ಟು ಬಿಡಿಸಲು ಹೋಗುವ ಟೆಂಪೊ. ನಮ್ಮೂರಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ಒಂದು ಸಂಜೆ ಶಾರದಾ ಅಕ್ಕೋರು ನಮ್ಮ ಮನೆಗೆ ಬಂದರು. ಆ ಶಾಲೆಗೆ ಇದ್ದ ಒಬ್ಬರೇ ಮೇಡಂ ಅವರು. ಬಂದವರು ಕಟ್ಟೆಯ ಅಂಚಿಗೆ ಕೂತರು, ಚಹಾ ಕೊಟ್ಟರೆ ಕುಡಿಯಲಿಲ್ಲ.

"ನೀಲವ್ವಾರ, ನಮ್ಮ ಸಾಲೀನ ದೊಡ್ಡಕಟ್ಟಿ ಸಾಲಿ ಜೋಡಿ ಕೂಡಸ್ತಾರಂತ್ರಿ. ಆದೇಶ ಬಂದೈತಿ."

"ಕೂಡಸ್ಲಿ ಬಿಡ್ರಿ. ಒಳ್ಳೇದಾತಲ್ಲ, ನಾಕು ಹೊಸಾ ಹುಡುಗ್ರು ಬರ್ತಾವು ಇಲ್ಲಿಗೆ."

ಅಕ್ಕೋರು ನೆಲ ನೋಡಿದರು. "ಅವು ಇಲ್ಲಿಗೆ ಬರೂದಿಲ್ರಿ. ನಮ್ಮ ಏಳು ಹುಡುಗ್ರು ಅಲ್ಲಿಗೆ ಹೋಗಬೇಕು. ಇಲ್ಲಿ ಕೀಲಿ ಹಾಕ್ತಾರ."

ಏಳು ಹುಡುಗರು. ಅಷ್ಟೇ ಇದ್ದದ್ದು. ಮರುದಿನ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಅರ್ಜಿ ಬರೆಯೋಣ ಅಂದರು, ಹಾವೇರಿಗೆ ಹೋಗಿ ಶಿಕ್ಷಣ ಇಲಾಖೆಯ ಸಾಹೇಬರ ಮುಂದೆ ಕೂಡೋಣ ಅಂದರು. ಬರೆದರು, ಹೋಗಿಯೂ ಬಂದರು. ಸಾಹೇಬರು ಕೂಡ್ರಿಸಿ ಮಾತಾಡಿಸಿದರಂತೆ. "ಏಳು ಹುಡುಗ್ರಿಗೆ ಒಂದು ಸಾಲಿ ಹೆಂಗ ನಡಸೂದ್ರಿ? ಊರಾಗ ಹುಡುಗ್ರ ಇಲ್ಲೇನು?" ಅಂತ ಕೇಳಿದರಂತೆ. ಹುಡುಗರು ಇದ್ದವು. ದಿನಾ ಬೆಳಿಗ್ಗೆ ಹಳದಿ ವ್ಯಾನಿನಲ್ಲಿ ಬ್ಯಾಡಗಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವು. ಸಭೆಯಲ್ಲಿ ಜೋರು ಮಾತಾಡಿದವರ ಮಕ್ಕಳೇ ಆ ವ್ಯಾನಿನೊಳಗೆ ಇದ್ದವು. ನಾನು ಯಾರನ್ನೂ ಬೈಯುವುದಿಲ್ಲ. ನಮ್ಮ ಹತ್ತಿರ ಅಷ್ಟು ಅನುಕೂಲ ಇದ್ದಿದ್ದರೆ ರೇಣುಕಾನೂ ಅದೇ ವ್ಯಾನಿನಲ್ಲಿ ಇರುತ್ತಿದ್ದಳೇನೋ. ಶಾಲೆಯನ್ನು ಸರಕಾರ ಒಂದೇ ಸಲ ಮುಚ್ಚಿತು, ನಾವು ವರ್ಷಕ್ಕೊಂದಿಷ್ಟು ಖಾಲಿ ಮಾಡುತ್ತಾ ಬಂದಿದ್ದೆವು.

ದೊಡ್ಡಕಟ್ಟಿ ಎರಡೂವರೆ ಕಿಲೋಮೀಟರ್. ದೊಡ್ಡವರಿಗೆ ಅದು ದೂರವಲ್ಲ. ಎಂಟು ವರ್ಷದ ಹುಡುಗಿಗೆ, ನಡುವೆ ಒಂದು ಹಳ್ಳ, ಹಳ್ಳ ದಾಟಿದ ಮೇಲೆ ಲಾರಿ ಓಡಾಡುವ ಡಾಂಬರು ರಸ್ತೆ ಇದ್ದಾಗ ದೂರ. ರೇಣುಕಾ ಆಗ ಮೂರನೇ ಇಯತ್ತೆ ಮುಗಿಸಿದ್ದಳು. ಮಂಜುಳಾ ರೊಟ್ಟಿ ಬಡಿಯುತ್ತಾ ನನ್ನ ಮುಖ ನೋಡದೆ ಹೇಳಿದಳು:

"ಅತ್ತಿ, ಒಂದ್ ವರ್ಷ ಮನ್ಯಾಗ ಇರಲಿ ಬಿಡ್ರಿ. ತಮ್ಮನ್ನ ಆಡಿಸ್ಕೋಂತ ಇರ್ತಾಳ. ಕಾಲು ಗಟ್ಟಿ ಆದ ಮ್ಯಾಲ ಮುಂದಿನ ವರ್ಷ ಹೋಗ್ಲಿ."

ಅವಳದೂ ತಪ್ಪಲ್ಲ. ಮಗು ಎಂಟು ತಿಂಗಳದ್ದು, ಅವಳು ರಾಣೆಬೆನ್ನೂರ ಕಡೆಯ ಬಿತ್ತನೆ ಬೀಜ ಬೆಳೆಯುವ ಪ್ಲಾಟಿಗೆ ಕೂಲಿಗೆ ಹೋಗುವವಳು, ನಾನು ಮೆಣಸಿನಕಾಯಿಗೆ ಹೋಗುವವಳು. ಮಗುವಿನ ಹತ್ತಿರ ಒಬ್ಬರು ಬೇಕೇ ಬೇಕಿತ್ತು. ಆದರೆ "ಮುಂದಿನ ವರ್ಷ" ಅಂದಳಲ್ಲ, ನನ್ನ ಕೈಯಲ್ಲಿದ್ದ ಚರಿಗೆ ಅಲ್ಲೇ ನಿಂತಿತು.

ನನ್ನ ತವರು ಹಲಗೇರಿಯ ಕಡೆ. ನಾನೂ ಮೂರನೇ ಇಯತ್ತೆ ಮುಗಿಸಿದ್ದೆ. ಅವ್ವ ಹಡೆದಿದ್ದಳು, ಮನೆಯಲ್ಲಿ ಕೂಸು. "ಈ ವರ್ಷ ಬ್ಯಾಡ, ಮುಂದಿನ ವರ್ಷ ಹೋಗೀಯಂತ" ಅಂದಿದ್ದ ಅಪ್ಪ. ನಾನು ಬರೆಯುವ ಪಾಟಿಯನ್ನು ತೊಳೆದು, ಒರೆಸಿ, ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಇಟ್ಟೆ, ಬೇಕಾದಾಗ ಲಗೂನೆ ಕೈಗೆ ಸಿಗಲಿ ಅಂತ. ನನ್ನ ಅಪ್ಪ ಕೆಟ್ಟವನಲ್ಲ, ಸುಳ್ಳು ಹೇಳಲೂ ಇಲ್ಲ. ಆ ಮುಂದಿನ ವರ್ಷ ಬರಲೇ ಇಲ್ಲ ಅಷ್ಟೇ. ಮದುವೆಯಾಗಿ ಹೊರಡುವ ದಿನ ನೋಡಿದರೆ ಪಾಟಿ ಗೂಡಿನಲ್ಲೇ ಇತ್ತು, ಅದರ ಹಿಂದೆ ಜೇಡ ಬಲೆ ಕಟ್ಟಿತ್ತು.

"ಕೂಸಿನ್ನ ಇವರು ನೋಡ್ಕೋತಾರ" ಅಂದೆ, ಕಟ್ಟೆಯ ಕಡೆ ಕೈ ತೋರಿಸಿ. "ರೇಣುಕಾನ್ನ ನಾ ನಡಸ್ಕೊಂಡು ಹೋಗ್ತೇನಿ."

ಕಟ್ಟೆಯಿಂದ ದನಿ ಬಂತು: "ನನ್ನ ಕೇಳ್ಲಿಕ್ಕೇ ಇಲ್ಲ."

"ಕೇಳಿದ್ರ ಒಲ್ಲೆ ಅಂತಿದ್ರೇನು?"

"ಇಲ್ಲ. ಆದ್ರೂ ಕೇಳೂದು ಒಂದ್ ಪದ್ಧತಿ."

ನಮ್ಮ ಮಾತು ಊರಿಗೆ ಹಬ್ಬಿತು. ಮರುದಿನ ಪಕ್ಕದ ಮನೆಯ ಫಕ್ಕೀರಪ್ಪ ಬಂದ. ಕಡಿಮೆ ಮಾತಿನ ಮನುಷ್ಯ, ಹೆಂಡತಿ ತೀರಿದ ಮೇಲೆ ಮಗಳನ್ನು ಒಬ್ಬನೇ ಸಾಕುತ್ತಿದ್ದ. "ಅತ್ತಿ, ನೀವು ಹೋಗ್ತೇರಂದ್ರ ಲಕ್ಷ್ಮೀನೂ ಕಳಸ್ತೇನಿ. ಇಲ್ಲಾಂದ್ರ ಇಲ್ಲ. ನಿಮ್ಮ ಮ್ಯಾಲ ಭಾರ" ಅಂದ. ಅವನನ್ನು ನೋಡಿ ಉಳಿದವರೂ ಅದನ್ನೇ ಅಂದರು. ಹೀಗೆ ಏಳೂ ಮಕ್ಕಳು ನನ್ನ ಬೆನ್ನಿಗೆ ಬಿದ್ದವು.

ಶಾರದಾ ಅಕ್ಕೋರು ನಾಲ್ಕು ದಿನ ಆ ಖಾಲಿ ಶಾಲೆಯಲ್ಲಿ ಕೂತು ಒಂದೊಂದು ಮಗುವಿನ ಟಿ.ಸಿ. ಬರೆದರು. ಯಾರ ಹೆಸರು ಆಧಾರಿನಲ್ಲಿ ಒಂದು ಥರ, ಶಾಲೆಯಲ್ಲಿ ಒಂದು ಥರ ಇತ್ತೋ ಅದನ್ನೆಲ್ಲ ಸರಿ ಮಾಡಲು ಮನೆ ಮನೆ ತಿರುಗಿದರು. ಹೆಬ್ಬೆಟ್ಟು ಒತ್ತಲು ನಾಚುವವರಿಗೆ, "ಬರ್ರಿ, ನಾ ಕಲಸ್ತೇನಿ" ಅಂತ ಹೆಸರು ಬರೆಯಿಸಿದರು. ಕೊನೆಯ ದಿನ ಕೀಲಿ ಹಾಕಿದ ಮೇಲೆ ಬೇವಿನ ಗಿಡದ ಕೆಳಗೆ ನಿಂತು ಬಹಳ ಹೊತ್ತು ಆ ಹಳಿಯ ತುಂಡನ್ನು ನೋಡಿದರು. "ಇದನ್ನ ಸಾಲಿ ಸಾಮಾನಿನ ಯಾವ ಪಟ್ಟಿಯಾಗೂ ಬರದಿಲ್ರಿ ನೀಲವ್ವಾರ. ಇದು ಊರಿಗೆ ಇರಲಿ" ಅಂದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು. ಖಾರ ಕಡಿಮೆ. ವರ್ಷಗಟ್ಟಲೆ ಅದರ ತೊಟ್ಟು ಬಿಡಿಸಿದ ಕೈಗೆ ಉರಿ ಅನ್ನುವುದೇ ಮರೆತುಹೋಗಿರುತ್ತದೆ. ಆದರೆ ಮಾರ್ಕೆಟ್ಟಿಗೆ ಆಂಧ್ರದ ಕಡೆಯ ಕಾಯಿಯೂ ಬರುತ್ತದೆ, ಅದು ಬೆಂಕಿ. ಹೊಸ ಶಾಲೆಗೆ ಹೋಗುವ ಹಿಂದಿನ ದಿನ ನಮ್ಮ ಅಂಗಡಿಯಲ್ಲಿ ಅದೇ ಲೋಡು ಬಿದ್ದಿತ್ತು. ಇಡೀ ದಿನ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಿಡಿಸಿದೆ. ಸಂಜೆ ಬಂದು ಎಂದಿನಂತೆ ನೀರಿನಲ್ಲಿ ಕೈ ತೊಳೆದೆ. ಆ ಖಾರ ಬರೀ ನೀರಿಗೆ ಹೋಗುವುದಲ್ಲ. ನನ್ನ ಕೈಗಂತೂ ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ಗಡಿಬಿಡಿಯಲ್ಲಿ ಅದೇ ಸೀರೆ ಸುತ್ತಿಕೊಂಡು ಹೊರಟೆ.

ಜೂನ್ ತಿಂಗಳ ಮಿರಗದ ಮಳೆ ಆಗಷ್ಟೇ ಒಂದು ಸಲ ಬಿದ್ದಿತ್ತು. ಎರೆ ಮಣ್ಣು ಚಪ್ಪಲಿಗೆ ಹತ್ತಿ, ಮಕ್ಕಳು ಹೆಜ್ಜೆಗೊಮ್ಮೆ ನಿಂತು ಕೊಡವಿಕೊಳ್ಳುತ್ತಿದ್ದವು. ಹಳ್ಳದಲ್ಲಿ ಹಿಮ್ಮಡಿಯಷ್ಟು ನೀರು. ರಸ್ತೆಯ ಹತ್ತಿರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಲಾರಿ ಹೋದ ಮೇಲೆ ದಾಟಿಸಿದೆ. ಹಾದಿಯುದ್ದಕ್ಕೂ ನಗುತ್ತಾ ಬಂದವು. ಆದರೆ ದೊಡ್ಡಕಟ್ಟಿ ಶಾಲೆಯ ಗೇಟಿನಲ್ಲಿ ಅಷ್ಟೊಂದು ಹುಡುಗರನ್ನು ಒಮ್ಮೆಲೇ ನೋಡಿ ರೇಣುಕಾ ನನ್ನ ಸೀರೆ ಹಿಡಿದುಕೊಂಡು ಬಿಕ್ಕಿದಳು. ಲಕ್ಷ್ಮಿಯೂ ಶುರು ಮಾಡಿದಳು. ನಾನು ಬಗ್ಗಿ, "ಅಳಬಾರದವ್ವಾ" ಅಂತ ಈ ಕೈಯಿಂದಲೇ ರೇಣುಕಾನ ಕಣ್ಣು ಒರೆಸಿದೆ. ಸೆರಗಿನಿಂದ ಲಕ್ಷ್ಮಿಯ ಕಣ್ಣು ಒರೆಸಿದೆ.

ಆ ಇಬ್ಬರೂ ಕಿರುಚಿದ್ದು ಇವತ್ತಿಗೂ ಕಿವಿಯಲ್ಲಿದೆ. ಕಣ್ಣು ತೆರೆಯಲೊಲ್ಲವು. ಉಜ್ಜಿಕೊಂಡಷ್ಟೂ ಉರಿ. ಉಳಿದ ಐವರೂ ಹೆದರಿ ಅಳತೊಡಗಿದವು. ಒಳಗಿನಿಂದ ಹೆಡ್ ಮಾಸ್ತರರು ಓಡಿ ಬಂದರು, ಕೊಡದಿಂದ ನೀರು ಹಾಕಿ ಹಾಕಿ ಕಣ್ಣು ತೊಳೆದರು. ಬಿಸಿಯೂಟದ ಅಡುಗೆಯವಳು ಮೊಸರು ತಂದು ರೆಪ್ಪೆಯ ಸುತ್ತ ಹಚ್ಚಿದಳು. ಅರ್ಧ ತಾಸಿಗೆ ಉರಿ ಇಳಿಯಿತು. ಆದರೆ ಮಕ್ಕಳು ಒಳಗೆ ಕಾಲಿಡಲಿಲ್ಲ. ಏಳನ್ನೂ ಮರಳಿ ಮನೆಗೆ ಕರೆತಂದೆ.

ಹಾದಿಯಲ್ಲಿ ನನಗೆ ಗೊತ್ತಾಯಿತು. ಹೆಬ್ಬೆರಳನ್ನು ನಾಲಿಗೆಗೆ ಹಚ್ಚಿ ನೋಡಿದೆ. ಖಾರ.

ಹೇಳಬೇಕಿತ್ತು, ಹೇಳಲಿಲ್ಲ. ಮಂಜುಳಾ "ಏನಾತ್ರಿ ಅತ್ತಿ, ಕಣ್ಣು ಹಿಂಗ್ಯಾಕ ಕೆಂಪಗಾಗ್ಯಾವು?" ಅಂತ ಕೇಳಿದಾಗ "ಅತ್ತಾಳ" ಅಂದೆ. ಅದು ಸುಳ್ಳಲ್ಲ, ಖರೇನೂ ಅಲ್ಲ. ಮಕ್ಕಳಿಗೆ ಏನು ತಿಳಿಯಬೇಕು? "ಆ ಸಾಲಿಗೆ ಹೋದ ಕೂಡಲೆ ಕಣ್ಣು ಉರೀತು" ಅಂದವು. ಆ ಮಾತು ಟಾಕಿಯ ಹತ್ತಿರ ಹೋಗುವಷ್ಟರಲ್ಲಿ "ಕಣ್ಣಿಗೆ ಏನೋ ಹಾಕಿದ್ರಂತ" ಆಯಿತು. ಗುಡಿ ತಲುಪುವಷ್ಟರಲ್ಲಿ "ಸಣ್ಣಕಟ್ಟಿ ಹುಡುಗ್ರು ಬರಬಾರದಂತ ಬೇಕಂತಲೇ ಹಾಕಿದ್ರಂತ" ಆಯಿತು. ಎರಡನೇ ದಿನ ಒಂದೂ ಮಗು ಹೊರಡಲಿಲ್ಲ. ಮಂಜುಳಾ ಕೂಸನ್ನು ರೇಣುಕಾನ ಸೊಂಟಕ್ಕೆ ಏರಿಸಿ ಪ್ಲಾಟಿಗೆ ಹೋದಳು. ನಾನು ಮಾತಾಡದೆ ಟೆಂಪೊ ಹತ್ತಿದೆ. ಆ ದಿನ ಎಷ್ಟು ಕಾಯಿ ಬಿಡಿಸಿದೆನೋ ನೆನಪಿಲ್ಲ. ಪಕ್ಕದಲ್ಲಿ ಕೂತವರು ದೊಡ್ಡಕಟ್ಟಿ ಮಾಸ್ತರರನ್ನು ಬೈಯುತ್ತಿದ್ದರು, ನಾನು ತಲೆ ಬಗ್ಗಿಸಿ ತೊಟ್ಟು ಕೀಳುತ್ತಿದ್ದೆ.

ಮೂರನೇ ದಿನ ಸಂಜೆ ಆ ಹೆಡ್ ಮಾಸ್ತರರೇ ಶಾರದಾ ಅಕ್ಕೋರ ಜೋಡಿ ನಮ್ಮೂರಿಗೆ ಬಂದರು. ಫಕ್ಕೀರಪ್ಪ ಎದುರಿಗೆ ನಿಂತ. ಯಾವತ್ತೂ ಜೋರು ಮಾತಾಡದವನು ಆವತ್ತು ಮಾತಾಡಿದ.

"ನಮ್ಮ ಸಾಲಿ ಹೋತು, ಆತ್ರಿ. ನಿಮ್ಮ ಮನಿ ಬಾಗಿಲಿಗೆ ಕಳಸಿದ್ರ ಮಕ್ಕಳ ಕಣ್ಣಿಗೇನ್ರಿ ಹಾಕಿದ್ರಿ?"

ಮಾಸ್ತರರು ನನ್ನ ಕಡೆ ಒಮ್ಮೆ ನೋಡಿದರು. ಒಂದೇ ಸಲ. ಆಮೇಲೆ, "ತಪ್ಪಾಗಿದ್ರ ನಂದ್ರಿ. ಗೇಟಿನ್ಯಾಗ ನಾ ನಿಂತಿರಬೇಕಿತ್ತು" ಅಂದರು.

ಅವರಿಗೆ ಗೊತ್ತಿತ್ತು. ಕಣ್ಣು ತೊಳೆಯುವಾಗ ಮೆಣಸಿನಕಾಯಿ ವಾಸನೆ ಬಾರದೆ ಇರುತ್ತದೆಯೇ, ಅವರೂ ಬ್ಯಾಡಗಿ ಸೀಮೆಯವರೇ. ಒಬ್ಬ ಮುದುಕಿಯನ್ನು ಅವಳ ಊರಿನಲ್ಲಿ, ಅವಳ ಮಂದಿಯ ಮುಂದೆ ಸಣ್ಣವಳನ್ನಾಗಿ ಮಾಡಬಾರದು ಅಂತ ಬೈಗುಳ ನುಂಗಿ ನಿಂತಿದ್ದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ನೆಟ್ಟಗೆ ಶಾಲೆಗೆ ಹೋದೆ. ಬೇವಿನ ಗಿಡದ ಬುಡದಲ್ಲಿ ಗಂಟೆ ಬಡಿಯುವ ಕಬ್ಬಿಣದ ಬಡಿಗೆ ಇನ್ನೂ ಇತ್ತು. ಎತ್ತಿ ಹಳಿಯ ತುಂಡಿಗೆ ಬಡಿದೆ. ಮುಚ್ಚಿದ ಶಾಲೆಯ ಗಂಟೆ ಕೇಳಿ ಊರೇ ಬಂತು. ಏನೋ ಅನಾಹುತ ಆಗಿದೆ ಅಂದುಕೊಂಡು ಮಂಜುಳಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಎರಡೂ ಅಂಗೈ ಮುಂದೆ ಚಾಚಿದೆ. "ಮಾಸ್ತರು ಏನೂ ಹಾಕಿಲ್ಲ. ಹಾಕಿದ್ದು ಈ ಕೈ. ಹಿಂದಿನ ದಿನ ಆಂಧ್ರದ ಕಾಯಿ ಬಿಡಿಸಿದ್ದೆ. ಅಳೂ ಹುಡುಗ್ರ ಕಣ್ಣು ಒರಿಸಿದೆ. ಗೊತ್ತಾದ ಮ್ಯಾಲೂ ಸುಮ್ಮನಿದ್ದೆ."

ಆಗ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು, ಹೆಗಲ ಮೇಲೆ ಕೂಸು.

"ಮೂವತ್ತೈದು ವರ್ಷ ಆತು ಈಕಿ ಕೈಯಿಂದ ನನ್ನ ಕಣ್ಣಾಗ ನೀರು ಬರಾಕತ್ತು. ನಾ ಒಂದಿನಾನೂ ಗಂಟಿ ಬಾರಿಸಿ ಸಭಾ ಕರದಿಲ್ಲ ನೋಡ್ರಿ."

ಮೊದಲು ಹೆಣ್ಣುಮಕ್ಕಳು ನಕ್ಕರು, ಆಮೇಲೆ ಎಲ್ಲರೂ. ಫಕ್ಕೀರಪ್ಪ ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಹೇಳಾಕ ಮೂರ್ ದಿನ ಯಾಕ ಬೇಕಾತು ಅತ್ತಿ?"

"ನಾಚಿಕಿ ಬಂತಪ್ಪಾ. ನನ್ನ ಮ್ಯಾಲ ಭಾರ ಹಾಕಿದ್ದಿ. ಮೊದಲ್ನೇ ದಿನಾನ ಹಿಂಗ ಮಾಡಿದ್ಲು ಅಂದ್ರ ಮತ್ತ ಕಳಸ್ತಿದ್ಯೇನು?"

"ಕಳಸ್ತಿದ್ದಿಲ್ಲ" ಅಂದ. ಮಾಸ್ತರರ ಕಡೆ ತಿರುಗಿ ಕೈ ಮುಗಿದ. ಆಮೇಲೆ ನನಗೆ, "ನಾಳೆ ಲಕ್ಷ್ಮೀ ಬರ್ತಾಳ. ಕೈ ತೊಳ್ಕೊಂಡು ಬರ್ರಿ" ಅಂದ.

ಆವತ್ತಿನಿಂದ ಒಂದು ಪದ್ಧತಿ ಬಿತ್ತು. ದಿನಾ ಎಂಟೂವರೆಗೆ ನಾನು ಆ ಗಂಟೆ ಬಾರಿಸುತ್ತಿದ್ದೆ. ಏಳು ಮಕ್ಕಳು ಬೇವಿನ ಗಿಡದ ಕೆಳಗೆ ಸೇರುತ್ತಿದ್ದವು. ರೇಣುಕಾ ಮುಂದೆ ಬಂದು, ಥೇಟ್ ಅಕ್ಕೋರ ಹಾಗೆ ಸೊಂಟದ ಮೇಲೆ ಕೈ ಇಟ್ಟು, "ಆಯಿ, ಕೈ ತೋರಿಸು" ಅನ್ನುತ್ತಿದ್ದಳು. ನಾನು ಕೈ ಚಾಚಬೇಕು. ಒಬ್ಬೊಬ್ಬರೇ ಮೂಸಿ ನೋಡುತ್ತಿದ್ದವು. ಹಿಂದಿನ ಸಂಜೆಯೇ ಕೊಬ್ಬರಿ ಎಣ್ಣೆ ಹಚ್ಚಿ, ಬೂದಿಯಿಂದ ತಿಕ್ಕಿ, ಮಜ್ಜಿಗೆಯಲ್ಲಿ ತೊಳೆದ ಕೈ ಅದು. ಆದರೂ ಒಂದೊಂದು ದಿನ ಲಕ್ಷ್ಮಿ ಮೂಗು ಮುರಿದು, "ಫೇಲ್, ಇನ್ನೊಮ್ಮೆ ತೊಳ್ಕೊಂಡು ಬಾ" ಅನ್ನುತ್ತಿದ್ದಳು. ಟಾಕಿಯ ನಳಕ್ಕೆ ಹೋಗಿ ತೊಳೆದುಕೊಂಡು ಬರುತ್ತಿದ್ದೆ. ನಾನು ಜೀವನದಲ್ಲಿ ಅಷ್ಟು ಸಲ ಫೇಲಾದದ್ದು ಆ ವರ್ಷವೇ.

ದಿನಾ ನಾನೊಬ್ಬಳೇ ಹೋದರೆ ನನ್ನ ಕೆಲಸ ನಡೆಯುತ್ತಿರಲಿಲ್ಲ. ಅದಕ್ಕೂ ದಾರಿ ಸಿಕ್ಕಿತು. ನಮ್ಮ ಟೆಂಪೊ ದೊಡ್ಡಕಟ್ಟಿಯ ಮೇಲೆಯೇ ಬ್ಯಾಡಗಿಗೆ ಹೋಗುತ್ತಿತ್ತು, ಆದರೆ ಅದು ಹೊರಡುವ ಹೊತ್ತಿಗೆ ಶಾಲೆ ಶುರುವಾಗಿರುತ್ತಿತ್ತು. ಮಕ್ಕಳ ಮನೆಯ ಹೆಣ್ಣುಮಕ್ಕಳು ಪಾಳಿ ಹಚ್ಚಿದೆವು. ಪಾಳಿ ಇದ್ದವಳು ನಡೆಸಿಕೊಂಡು ಹೋಗಿ ಗೇಟಿನೊಳಗೆ ಬಿಟ್ಟು ಅಲ್ಲೇ ನಿಂತರೆ, ಟೆಂಪೊ ಬಂದು ಅವಳನ್ನು ಹತ್ತಿಸಿಕೊಳ್ಳುತ್ತಿತ್ತು. ಸಂಜೆ ಮಕ್ಕಳನ್ನು ಹತ್ತಿಸಿಕೊಂಡು ಟೆಂಪೊ ಮರಳುವುದು ಐದೂವರೆಗೆ, ಶಾಲೆ ಬಿಡುವುದು ಅದಕ್ಕಿಂತ ಎಷ್ಟೋ ಮೊದಲು. ಮಾಸ್ತರರು, "ಇರಲಿ ಬಿಡ್ರಿ, ನಾನೂ ಅಲ್ಲೀತನ ಇರ್ತೇನಿ" ಅಂದರು. ಆ ಹೊತ್ತಿನಲ್ಲಿ ಕಪಾಟಿನ ಪುಸ್ತಕ ತೆಗೆದು ಮಕ್ಕಳ ಮುಂದೆ ಹರವುತ್ತಿದ್ದರು. ಅಲ್ಲಿ ಹತ್ತಿದ್ದು ರೇಣುಕಾನಿಗೆ ಓದುವ ಹುಚ್ಚು. ಸಂಜೆ ಟೆಂಪೊದಲ್ಲಿ ಖಾರದ ಧೂಳು ಮೆತ್ತಿದ ಹದಿನೈದು ಹೆಂಗಸರ ನಡುವೆ ನಿಂತು ಆವತ್ತು ಓದಿದ ಕಥೆ ಹೇಳುತ್ತಿದ್ದಳು. ನಾವು ಸೀನುತ್ತಾ ಕೇಳುತ್ತಿದ್ದೆವು. ಯಾರೂ ಅವಳನ್ನು ಮುಟ್ಟುತ್ತಿರಲಿಲ್ಲ, ಎಲ್ಲರೂ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆವು.

ಶ್ರಾವಣದಲ್ಲಿ ಒಮ್ಮೆ ಹಳ್ಳ ಮೊಣಕಾಲು ಮಟ್ಟ ಬಂತು. ಅವತ್ತು ಮಂಜುಳಾನ ಪಾಳಿ. ಹೋಗುವುದಿಲ್ಲ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ದಂಡೆಯಲ್ಲಿ ನಿಂತು ನೀರು ನೋಡಿದಳು, ಸೀರೆ ಎತ್ತಿ ಕಟ್ಟಿದಳು, ಒಂದೊಂದೇ ಮಗುವನ್ನು ಹೊತ್ತು ಆಚೆ ಇಳಿಸಿದಳು. ಸಂಜೆ ಮಕ್ಕಳೇ ಬಂದು ನನಗೆ ಇದನ್ನು ಹೇಳಿದವು. "ಮುಂದಿನ ವರ್ಷ" ಅನ್ನುವ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಆಮೇಲೆ ಕೊರೋನಾ ಬಂದು ಎಲ್ಲ ಶಾಲೆಗಳೂ ಮುಚ್ಚಿದಾಗಲೂ ರೇಣುಕಾ ಬೇವಿನ ಗಿಡದ ಕೆಳಗೆ ಲಕ್ಷ್ಮಿಯನ್ನು ಕೂಡ್ರಿಸಿಕೊಂಡು ಓದಿಸಿದಳು. ದೊಡ್ಡಕಟ್ಟಿಯಲ್ಲೇ ಹೈಸ್ಕೂಲೂ ಇತ್ತು, ಅಲ್ಲಿಯೇ ಮುಂದುವರಿದರು.

ಶಾಲೆ ಮುಚ್ಚಿದ್ದು ಒಳ್ಳೆಯದಾಯಿತು ಅಂತ ನಾನು ಹೇಳುವುದಿಲ್ಲ. ಆ ಸಣ್ಣ ಶಾಲೆ ಇದ್ದಿದ್ದರೆ ಸಣ್ಣ ಮಕ್ಕಳು ಇಷ್ಟು ನಡೆಯಬೇಕಿರಲಿಲ್ಲ. ಊರಿನ ನಡುವೆ ಮಕ್ಕಳು ಮಗ್ಗಿ ಹೇಳುವ ದನಿ ಹೋದರೆ ಊರಿಗೆ ವಯಸ್ಸಾದಂತೆ ಅನ್ನಿಸುತ್ತದೆ. ಈಗ ಆ ಕೋಣೆಯಲ್ಲಿ ಅಂಗನವಾಡಿ ಇದೆ, ಅಷ್ಟರಮಟ್ಟಿಗೆ ಪುಣ್ಯ. ಆದರೆ ಒಂದು ವಿಚಾರ ಬರುತ್ತದೆ. ಶಾಲೆ ದೂರ ಹೋದಾಗ ಮಕ್ಕಳನ್ನು ಅಲ್ಲಿಯವರೆಗೆ ಕೈ ಹಿಡಿದು ಒಯ್ಯುವವರು ಯಾರು ಅನ್ನುವುದನ್ನು ಯಾವ ಆದೇಶದಲ್ಲೂ ಬರೆದಿರುವುದಿಲ್ಲ. ಅದನ್ನು ಟಿ.ಸಿ. ಬರೆಯುವ ಅಕ್ಕೋರು, ಬೈಗುಳ ನುಂಗುವ ಮಾಸ್ತರರು, ಟೆಂಪೊ ನಿಲ್ಲಿಸುವ ಡ್ರೈವರ್, ಇಂಥವರು ಸೇರಿ ಮಾಡುತ್ತಾರೆ. ನಮ್ಮಂಥವರು ತಪ್ಪು ಮಾಡುತ್ತಾ ಮಾಡುತ್ತಾರೆ. ನಾನು ಆ ಮೂರು ದಿನ ಬಾಯಿ ಬಿಡದೆ ನಾಲ್ಕನೇ ದಿನವೂ ಸುಮ್ಮನಿದ್ದಿದ್ದರೆ ಇವತ್ತು ಬ್ಯಾಡಗಿಗೆ ಪೇಡೆಗೆ ಬರುತ್ತಿರಲಿಲ್ಲ.

ಅಂಗಡಿಯ ಕಟ್ಟೆಯಿಂದ ಎದ್ದೆ. ಪೇಡೆ ಕಟ್ಟಿಸಿಕೊಂಡೆ. ಅಲ್ಲಿಂದಲೇ ಶಾರದಾ ಅಕ್ಕೋರಿಗೆ ಫೋನ್ ಹಚ್ಚಿಸಿದೆ. ಅವರು ಈಗ ಹಾವೇರಿಯ ಹತ್ತಿರದ ಒಂದು ಶಾಲೆಯಲ್ಲಿದ್ದಾರೆ. "ಇಬ್ರೂ?" ಅಂದರು. "ಇಬ್ರೂ ರೀ" ಅಂದೆ. ಆಮೇಲೆ ಆ ಕಡೆಯಿಂದ ದನಿಯೇ ಬರಲಿಲ್ಲ. ಪೇಡೆ ಅಂಗಡಿಯ ಹುಡುಗಿ "ಕಟ್ಟಾತೇನ್ರಿ?" ಅಂತ ಕೇಳಿದಳು. "ಇಲ್ಲವ್ವಾ, ಅಕ್ಕೋರು ಅಳಾಕತ್ತಾರ" ಅಂದೆ.

ದಾರಿಯಲ್ಲಿ ದೊಡ್ಡಕಟ್ಟಿಯಲ್ಲಿ ಇಳಿದು ಹೆಡ್ ಮಾಸ್ತರರ ಮನೆಗೆ ಹೋದೆ. ನಿವೃತ್ತಿಯಾಗಿದ್ದಾರೆ, ಬಾಗಿಲಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ಪೇಡೆ ಕೊಟ್ಟೆ. ತೆಗೆದುಕೊಳ್ಳುವ ಮೊದಲು ನನ್ನ ಕೈ ನೋಡಿ ನಕ್ಕರು. ಏಳು ವರ್ಷದಲ್ಲಿ ಆ ವಿಷಯ ಅವರು ಎತ್ತಿದ್ದು ಅಷ್ಟೇ.

ಸಂಜೆ ಮಂಜುಳಾ ಹೋಳಿಗೆ ಮಾಡಿದಳು. ಎಲ್ಲರೂ ಬೇಡ ಅಂದರೂ ಕೇಳದೆ ನಾನು ಒರಳಿನಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿ ಕುಟ್ಟಿದೆ, ರೇಣುಕಾನಿಗೆ ರೊಟ್ಟಿಯ ಜೋಡಿ ಅದೇ ಬೇಕು. ಫಕ್ಕೀರಪ್ಪನನ್ನೂ ಲಕ್ಷ್ಮಿಯನ್ನೂ ಕರೆದೆವು, ಏಳು ವರ್ಷದಿಂದ ಅವರೂ ಮನೆಯವರೇ. ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಆಗ ಎಂಟು ತಿಂಗಳ ಕೂಸಾಗಿದ್ದ ರೇಣುಕಾನ ತಮ್ಮ ಈಗ ಅಜ್ಜನ ಪಕ್ಕದಲ್ಲಿ ಕೂತು ಹೋಳಿಗೆಯ ಲೆಕ್ಕದಲ್ಲಿ ಜಗಳ ತೆಗೆದಿದ್ದ.

ಮುಂದೇನು ಅನ್ನುವ ಮಾತು ಬಂತು. ಕಾಲೇಜು ರಾಣೆಬೆನ್ನೂರಲ್ಲೋ ಹಾವೇರಿಯಲ್ಲೋ ಅಂತ ಬಸವರಾಜ ಕೇಳಿದ. ದೂರ ಅಂತ ಯಾರೂ ಅನ್ನಲಿಲ್ಲ. ಮಂಜುಳಾ ತುಪ್ಪ ಬಡಿಸುತ್ತಾ, "ಯಾವ್ದಾದ್ರೂ ಆಗ್ಲಿ, ನಾಳೆನ ಹೋಗಿ ಫಾರ್ಮ್ ತರ್ರಿ. ತಡಾ ಮಾಡೂದು ಬ್ಯಾಡ" ಅಂದಳು.

ಹಲಗೇರಿಯ ಮನೆಯ ಗೂಡಿನಲ್ಲಿದ್ದ ಪಾಟಿ ನೆನಪಾಯಿತು. ತುತ್ತು ಕೈಯಲ್ಲೇ ಉಳಿಯಿತು, ಕಣ್ಣು ತುಂಬಿತು. ನಮ್ಮ ಮನೆಯವರು ನೋಡಿ, "ಚಟ್ನಿ ಖಾರ ಆಗೇತಿ ತಗೋ" ಅಂದರು, ನನ್ನ ಮಾನ ಉಳಿಸಲು. ನಾನು ಕಣ್ಣು ಒರೆಸಿಕೊಳ್ಳಲು ಎಡಗೈ ಎತ್ತಿದೆ.

"ಆಯಿ, ತಡಿ" ಅಂದಳು ರೇಣುಕಾ. "ಕೈ ತೋರಿಸು."

ಚಾಚಿದೆ. ಅವಳು ಬಗ್ಗಿ ಮೂಸಿದಳು. ಲಕ್ಷ್ಮಿಯೂ ಮೂಸಿದಳು. ಇಬ್ಬರೂ ಮುಖ ಮುಖ ನೋಡಿಕೊಂಡು, "ಫೇಲ್" ಅಂದರು. ಎಲ್ಲರೂ ನಗುತ್ತಿರುವಾಗ ರೇಣುಕಾ ತನ್ನ ದುಪಟ್ಟಾದ ಅಂಚಿನಿಂದ ನನ್ನ ಎರಡೂ ಕಣ್ಣು ಒರೆಸಿದಳು. ತಣ್ಣಗಿತ್ತು. ಆಮೇಲೆ ಎಲ್ಲರೂ ಊಟ ಮಾಡಿದೆವು.